ಇನ್ನೂರ ಹನ್ನೆರಡನೆಯ ಚೀಟಿ

ಡೆರಿಕ್ ಹಿಂಚ್‌ಲಿಫ್ ಹೋಗಿ ಒಂಬತ್ತು ವಾರ.
ಹಡರ್ಸ್‌ಫೀಲ್ಡಿನ ಈ ಅಂಗಡಿಯಲ್ಲಿ, ಇಸ್ತ್ರಿಯ ಹಬೆಯ ಹಿಂದೆ,
ಅವರ ಬೂದು ಪ್ಯಾಂಟು ಇನ್ನೂ ತೂಗುತ್ತಿದೆ.
ಸೊಂಟಕ್ಕೆ ಚುಚ್ಚಿದ ಚೀಟಿ: ಇನ್ನೂರ ಹನ್ನೆರಡು.
ಕಾಲು ಒಂದಿಂಚು ಗಿಡ್ಡ ಮಾಡಬೇಕು.

ಪತ್ರಿಕೆಯಲ್ಲಿ ಬಂದಿತ್ತು: ಹಿರಿಯ ವಿಮರ್ಶಕರು,
ಸಿಪಾಯಿಗಳ ಕಾಗದಗಳನ್ನು ಕಾವ್ಯದಷ್ಟೇ ಕಣ್ಣಿಟ್ಟು ಓದಿದವರು,
ಕಾದಂಬರಿಯೊಳಗಿನ ಕೋಟಿಗೆ ಎಷ್ಟು ಗುಂಡಿಯೆಂದು ಎಣಿಸಿ
ಆ ಮನೆಯ ಬಾಡಿಗೆ ಹೇಳಬಲ್ಲವರು.
ಗಿರಾಕಿಯಾಗಿ ಎಂಥವರೆಂದು ಯಾರೂ ಬರೆಯಲಿಲ್ಲ.
ಚಿಲ್ಲರೆ ಎರಡು ಸಲ ಎಣಿಸುತ್ತಿದ್ದರು.
ಹೋಗುವಾಗ ಬಾಗಿಲು ಮುಚ್ಚುತ್ತಿರಲಿಲ್ಲ.

ಮೊದಲ ದಿನವೇ ನನ್ನ ಬೂಟು ನೋಡಿ
"ಯಾರೋ ಮೆಟ್ಟಿ ಬಿಟ್ಟದ್ದು" ಅಂದರು.
ಕಾಲರು ನೋಡಿ, "ಹೆಂಡತಿ ತಿರುವಿ ಹೊಲಿದದ್ದು."
ಎರಡೂ ನಿಜ. ಸಿಟ್ಟು ಬಂತು.
ಆಮೇಲೆ ತಮ್ಮ ತೋಳು ಮಡಚಿ ಮೊಣಕೈಯ ತೇಪೆ ತೋರಿಸಿದರು:
"ಇದು ತೊಗಲು. ಬಡತನವಲ್ಲ, ಪ್ರೊಫೆಸರಿಕೆ.
ನಮ್ಮಪ್ಪನಿಗೂ ಇಲ್ಲೇ ತೇಪೆಯಿತ್ತು.
ಗಿರಣಿಯಲ್ಲಿ ಅದಕ್ಕೆ ಬೇರೆ ಹೆಸರು."

ನಮ್ಮಪ್ಪ ಗುಳೇದಗುಡ್ಡದ ನೇಕಾರ, ಅಂದೆ.
ಕುಣಿಮಗ್ಗದೊಳಗೆ ಕಾಲಿಳಿಬಿಟ್ಟು ಖಣ ನೇಯುತ್ತಿದ್ದ,
ಆ ರೇಶಿಮೆ ನಮ್ಮವ್ವನ ಮೈಗೆ ಬಂದದ್ದು ಒಂದೇ ಸಲ,
ಅದೂ ಅಂಚು ತಪ್ಪಿದ ತುಂಡು.
ಅವರು ಕುರ್ಚಿ ಎಳೆದುಕೊಂಡರು.
ಹದಿನಾಲ್ಕು ವರ್ಷ ಆ ಕುರ್ಚಿ ಅಲ್ಲೇ.

ಯುದ್ಧದ ಮಾತು ಅಪರೂಪ, ಬಂದರೂ ಬಟ್ಟೆಯ ಸಂದಿನಿಂದ.
ಇಟಲಿಯ ಕೆಸರು, ಹತ್ತೊಂಬತ್ತರ ಹುಡುಗ.
ಮರೆಯಲ್ಲಿ ಕೂತ ಬಂದೂಕು ಮೊದಲು ಹುಡುಕುವುದು
ಚೆನ್ನಾಗಿ ಕತ್ತರಿಸಿದ ಕೋಟನ್ನು.
ಅದಕ್ಕೇ ಅಧಿಕಾರಿಗಳು ಸಿಪಾಯಿಯ ಒರಟು ಅಂಗಿ ತೊಟ್ಟರಂತೆ.
"ನಾನು ಕಂಡ ಒಂದೇ ಸಮಾನತೆ, ಅದೂ ಹೆದರಿಕೆಯದು.
ಊಟದ ಹೊತ್ತಿಗೆ ಮತ್ತೆ ಎರಡು ಡೇರೆ."
ಅಷ್ಟು ಹೇಳಿ, ನನ್ನ ದಿಂಬಿನಿಂದ ಗುಂಡುಸೂಜಿ ಒಂದೊಂದೇ ಕಿತ್ತು
ಮೇಜಿನ ಮೇಲೆ ಸಾಲಾಗಿ ಮಲಗಿಸಿದರು.
ಹನ್ನೊಂದು.
ನಾನು ಕೇಳಲಿಲ್ಲ.

ಒಮ್ಮೆ ಗಾದೆ ಹೇಳಿದ್ದೆ: ಹಾಸಿಗೆ ಇದ್ದಷ್ಟು ಕಾಲು ಚಾಚು.
ಬಹಳ ಹೊತ್ತು ಸುಮ್ಮನಿದ್ದು ಕೇಳಿದರು,
"ಹಾಸಿಗೆ ಅಳೆದವನು ಯಾರು?"
ಕೊನೆಯ ಪುಸ್ತಕದಲ್ಲಿ ಅದು ಬಂದಿದೆ, ನೂರ ಮೂರನೆಯ ಪುಟ.
ಭಾರತದ ಒಬ್ಬ ದರ್ಜಿ ಹೇಳಿದನಂತೆ.
ಒಬ್ಬ ದರ್ಜಿ!
ಸ್ಮಾರಕದ ಕಲ್ಲಿನಲ್ಲಿ ಕ್ಯಾಪ್ಟನ್ನರ ಹೆಸರು ಮೇಲೆ,
ಮಿಕ್ಕವರದು ಕೆಳಗೆ ಏಕೆಂದು
ಇಡೀ ಅಧ್ಯಾಯ ಜಗಳವಾಡಿದವರು
ಬಸವಂತಪ್ಪ ರಾಜೂರ ಎಂಬ ಎಂಟು ಅಕ್ಷರಕ್ಕೆ
ಜಾಗ ಕೊಡಲಿಲ್ಲ.
ಲೈಬ್ರರಿಯಲ್ಲಿ ನಿಂತೇ ಓದಿ, ನಿಂತೇ ಮುಚ್ಚಿದೆ.
ಹೇಳಬೇಕಿತ್ತು. ಹೇಳಲಿಲ್ಲ.
ಆ ವಾರ ಅವರ ಇಸ್ತ್ರಿಯ ಗೆರೆ ತುಸು ಸೊಟ್ಟಗಿತ್ತು.

ಮತ್ತೊಂದು ಸಂಜೆ, ನಿಮ್ಮ ಭಾಷೆಯಲ್ಲಿ
ಎದುರಿಗಿದ್ದವನನ್ನು ಕರೆಯಲು ಎಷ್ಟು ಮಾತು ಎಂದರು.
ನೀನು, ನೀವು, ತಾವು ಎಂದು ಬೆರಳು ಮಡಚಿದೆ.
"ಮೂರು ಅಳತೆಯ ಕೋಟು!" ನಕ್ಕರು.
"ನನಗೆ ಚಿಕ್ಕದನ್ನೇ ತೊಡಿಸು."
ಮರುದಿನ ಬಾಗಿಲಲ್ಲಿ ಕಂಡರು.
ಬಾ ಅನ್ನಲು ನಾಲಗೆ ಏಳಲಿಲ್ಲ.
ಬರ್ರಿ, ಅಂದೆ.

ಕೊನೆಯ ಸಲ ಕನ್ನಡಿಯ ಮುಂದೆ ಜಗಳ ತೆಗೆದರು:
ಪ್ಯಾಂಟು ಉದ್ದವಾಗಿದೆ, ನಾನೇ ಅಳತೆ ತಪ್ಪಿದ್ದೇನೆ.
ಹಿಮ್ಮಡಿಯ ಮೇಲೆ ಬಟ್ಟೆ ಮುದ್ದೆಯಾಗಿ ಬಿದ್ದಿತ್ತು.
ಎಂಬತ್ತೆಂಟು ವರ್ಷ.
ಮಂಡಿಯೂರಿ, ಬಾಯಲ್ಲಿ ಸೂಜಿ ಕಚ್ಚಿಕೊಂಡು,
ಹೌದು ಸರ್, ನನ್ನದೇ ತಪ್ಪು, ಅಂದಿದ್ದೆ.

ಇವತ್ತು ಟೇಪು ಹಿಡಿದು ಮತ್ತೆ ಅಳೆದೆ.
ಮೂವತ್ತೊಂದು.
ಹಳೆಯ ಲೆಕ್ಕದ ಪುಸ್ತಕದಲ್ಲೂ ಮೂವತ್ತೊಂದು.
ಬಟ್ಟೆ ಬೆಳೆಯುವುದಿಲ್ಲ, ಡೆರಿಕ್.
ಕುಗ್ಗಿದ್ದು ನೀನು.