ಚಲನವಲನ ವಹಿ

ಬಹುಮಹಡಿ ಕಟ್ಟಡದ ನಾಲ್ಕನೇ ಅಂತಸ್ತು, ನಮ್ಮ ಶಾಖೆ.
ಬಾಗಲಗುಂಟೆಯಿಂದ ಹೊರಟು, ಮೆಜೆಸ್ಟಿಕ್ಕಿನಲ್ಲಿ ಮೆಟ್ರೋ ಬದಲಿಸಿ,
ಹತ್ತಕ್ಕೆ ಫೋನಿನೆದುರು ಮುಖ ಹಿಡಿಯಬೇಕು.
ಹತ್ತೂ ಹತ್ತರ ಮೇಲೆ ಹಿಡಿದ ಮುಖ ಮುಖವಲ್ಲ,
ಮೂರು ಸಲ ಹಾಗಾದರೆ ಅರ್ಧ ದಿನದ ರಜೆ.
ಕೈಯಲ್ಲಿ ಎಷ್ಟಿದೆ, ನಗದು ಘೋಷಣೆ ವಹಿಯಲ್ಲಿ ಬರೆಯಬೇಕು.
(ದಿನವೂ ನೂರ ನಲವತ್ತು ಅಂತ ಬರೆಯುತ್ತೇನೆ,
ಯಾರೂ ಎಣಿಸಲು ಬಂದದ್ದಿಲ್ಲ.)
ಕುರ್ಚಿ ಬಿಟ್ಟು ಎದ್ದರೆ ಇನ್ನೊಂದು ವಹಿ, ಅದು ನನ್ನ ಸುಪರ್ದಿ:
ಹೆಸರು, ಹೊರಟ ವೇಳೆ, ಕಾರಣ, ಮರಳಿದ ವೇಳೆ, ಷರಾ.

ಕಾರಣದ ಕಲಮಿನಲ್ಲಿ ಏನೆಲ್ಲ ಓದಿದ್ದೇನೆ.
ಖಜಾನೆಗೆ. ಖಜಾನೆಗೆ. ಕೋರ್ಟಿಗೆ. ಹಲ್ಲು.
'ಟೀ' ಎಂದು ಬರೆದು, ಹೊಡೆದು, 'ಟಪಾಲು' ಎಂದು ತಿದ್ದಿದ್ದು.
ಮಾರ್ಚ್ ಏಳನೇ ತಾರೀಕು ಮೂರೂ ಹತ್ತಕ್ಕೆ
ತಿಪ್ಪೇರುದ್ರಪ್ಪನವರು ಬರೆದರು, ದುಂಡಗೆ, ಓದಲು ಬರುವಂತೆ:
ಸುಮ್ಮನೆ.

ಹಲೀಮಾ ಮೇಡಂ ನೋಟಿಸು ಕೊಟ್ಟರು.
ಕೊಡಲೇಬೇಕಿತ್ತು, ತಪಾಸಣೆ ಹತ್ತಿರವಿತ್ತು.
'ಸುಮ್ಮನೆ ಎಂಬುದು ಕಾರಣ ಹೇಗಾಗುತ್ತದೆಂಬ ಬಗ್ಗೆ
ಮೂರು ದಿನದೊಳಗೆ ಲಿಖಿತ ಸಮಜಾಯಿಷಿ.'
ಟೈಪು ಮಾಡಿದವಳು ನಾನೇ.
ಬಂದ ಉತ್ತರಕ್ಕೆ ಇನ್‌ವರ್ಡ್ ನಂಬರು ಹಾಕಿದವಳೂ ನಾನೇ.

'ಮಾನ್ಯರೆ,
ಮೇಲಿನ ಮಹಡಿಯ ರಿಪೇರಿ ಶುರುವಾದಂದಿನಿಂದ
ಒಂದು ಮೇಜಿಗೆ ಇಬ್ಬರು ಎಂದು ಆದೇಶವಾಗಿದೆ.
ಊಟದ ಮೇಲೆ ನನ್ನ ಮೇಜು ಯೋಜನಾ ಶಾಖೆಯ
ಕುಮಾರಿ ಶೈಲಾಶ್ರೀಯವರದು.
ಡ್ರಾಯರಿನಲ್ಲಿದ್ದ ಕನ್ನಡಕದ ಡಬ್ಬಿ, ಈನೋ ಪೊಟ್ಟಣ,
ಅಮ್ಮನ ಫೋಟೋ ನನ್ನ ಬ್ಯಾಗಿಗೆ ಬಂದಿವೆ.
ಆಕೆಯ ತಪ್ಪಿಲ್ಲ, ಒಳ್ಳೆ ಹುಡುಗಿ.
ಐದೂವರೆವರೆಗೆ ನಾನು ಹಾಜರಿರಬೇಕು, ಕೂರುವಂತಿಲ್ಲ.
ಹನ್ನೊಂದು ದಿನ ಕಪಾಟಿಗೆ ಒರಗಿ ನಿಂತೆ.
ಅಂದು ಕೆಳಗಿಳಿದು, ಸ್ಟ್ಯಾಂಡಿನಲ್ಲಿದ್ದ ನನ್ನ ಸ್ಕೂಟರಿನ ಮೇಲೆ ಕೂತೆ.
ಸೀಟು ಕಾದಿತ್ತು. ಆದರೂ ನನ್ನದು.
ಗಾಡಿ ಸ್ಟಾರ್ಟ್ ಮಾಡಲಿಲ್ಲ. ಎಲ್ಲಿಗೂ ಹೋಗಲಿಲ್ಲ.
ಇದಕ್ಕೆ ಸರಕಾರದಲ್ಲಿ ಬೇರೆ ಪದವಿದ್ದರೆ
ತಿಳಿಸಬೇಕಾಗಿ ವಿನಂತಿ.'

ಕಡತ ಮೇಲಕ್ಕೆ ಹೋಯಿತು.
ಸ್ಕೂಟರ್ ಸ್ಟ್ಯಾಂಡು ಕಚೇರಿಯೋ ಅಲ್ಲವೋ ಎಂದು ಅಲ್ಲಿ ಕೇಳಿದರು.
ನಕ್ಷೆ ತರಿಸಿದರು. ಹಾಜರಾತಿ ಆ್ಯಪಿನ ವೃತ್ತ
ಸರಿಯಾಗಿ ಆತನ ಗಾಡಿಯ ನಡುವೆ ಹಾದಿತ್ತು:
ಮುಂದಿನ ಚಕ್ರ ಹಾಜರು, ಹಿಂದಿನದು ಗೈರು.
ಟಿಪ್ಪಣಿ ಹಾಳೆ ಹತ್ತೊಂಬತ್ತು ತುಂಬಿತು.
ಇವತ್ತು ಕಡತ ಇಳಿದು ಬಂತು, ಹಸಿರು ಶಾಯಿಯಲ್ಲಿ ಒಂದೇ ಪದ:
ಚರ್ಚಿಸಿ.

ಮೇಡಂಗೆ ಕೊಡೋಣವೆಂದು ಹೋದರೆ ಕುರ್ಚಿ ಖಾಲಿ,
ಫ್ಯಾನು ಮಾತ್ರ ತಿರುಗುತ್ತಿದೆ.
ವಹಿ ತೆರೆದೆ. ನಾಲ್ಕೂ ಐದಕ್ಕೆ ತಿಪ್ಪೇರುದ್ರಪ್ಪ, ಕಾರಣ ಅದೇ.
ಅದರ ಕೆಳಗೆ, ನಾಲ್ಕೂ ಇಪ್ಪತ್ತಕ್ಕೆ, ಮೇಡಂ ಸಹಿ;
ಕಾರಣದ ಜಾಗದಲ್ಲಿ ಎರಡು ಪುಟ್ಟ ಗೀಟು,
ಮೇಲಿನಂತೆ ಎಂಬ ಅರ್ಥದಲ್ಲಿ.

ಕಿಟಕಿಯಿಂದ ಕಾಣುತ್ತಾರೆ.
ಆತ ತನ್ನ ಗಾಡಿಯ ಮೇಲೆ, ಆಕೆ ಯಾರದೋ ಗಾಡಿಯ ಮೇಲೆ
ವ್ಯಾನಿಟಿ ಬ್ಯಾಗು ತೊಡೆಯಲ್ಲಿಟ್ಟುಕೊಂಡು,
ಇಬ್ಬರೂ ಗೇಟಿನ ಕಡೆ ನೋಡುತ್ತ.
ಚರ್ಚೆಯೇನೂ ನಡೆದಂತಿಲ್ಲ.

ನಾನೂ ಕುರ್ಚಿ ಬಿಟ್ಟು ಎದ್ದಿದ್ದೇನಲ್ಲ, ಬರೆಯಬೇಕು.
ಹೊರಟ ವೇಳೆ ನಾಲ್ಕೂ ಮೂವತ್ತೆರಡು.
ಕಿಟಕಿಯವರೆಗೆ.