ನೂರಾಮೂರನೇ ಮೆಟ್ಟಿಲು

ಮೊದಲ ಸಭೆಗೆ ನಲವತ್ತು ಕುರ್ಚಿ ಹಾಕಿದ್ದೆ.
ಬಂದವರು ಮೂವರು, ಅವರಲ್ಲೊಬ್ಬ
ಹೀಟರ್ ಇದೆಯೆಂದು ಬಂದವನು.
ಗೋಡೆಯ ಮೇಲೆ ಹಳದಿ ಚೀಟಿ, ಗುಲಾಬಿ ಚೀಟಿ:
ನಿಮ್ಮ ಕನಸೇನು? ನಿಮ್ಮ ಬಡಾವಣೆಯ ಬಲವೇನು?
ಒಂದೇ ಒಂದು ಚೀಟಿಗೆ ಉತ್ತರ ಬಂದಿತ್ತು:
ಬಿಸ್ಕತ್ತು ಮೆತ್ತಗಾಗಿದೆ.

ಊರಿಗೆ ಉಪಕಾರ ಮಾಡಬೇಡ,
ಹೆಣಕ್ಕೆ ಸಿಂಗಾರ ಮಾಡಬೇಡ
ಅನ್ನುತ್ತಿದ್ದಳು ಸೋದರತ್ತೆ.
ಸಂಬಳ ಎಣಿಸಿಕೊಂಡು ಉಪಕಾರ ಮಾಡುವವಳಿಗೆ
ಏನನ್ನುತ್ತಿದ್ದಳೋ. ಕುರ್ಚಿ ಮಡಚಿದೆ,
ಖಾಲಿ ಹಾಲಿನಲ್ಲಿ ನಲವತ್ತು ಸಲ ಟಪ್ಪೆಂದಿತು.

ಶೆಫೀಲ್ಡಿನಲ್ಲಿ ನೆಲಕ್ಕೆ ಮಟ್ಟಸ ಗೊತ್ತಿಲ್ಲ.
ಈ ಗುಡ್ಡದ ನೆತ್ತಿಗೆ ಫ್ಲ್ಯಾಟು,
ಬುಡಕ್ಕೆ ಅಂಗಡಿ, ಔಷಧಿ, ಅಂಚೆ;
ನಡುವೆ ಇನ್ನೂರ ಹನ್ನೆರಡು ಮೆಟ್ಟಿಲು.
ಬಸ್ಸು ನಿಂತು ಎರಡು ವರ್ಷ.
ಚೀಟಿ ಬಿಟ್ಟು ಮೆಟ್ಟಿಲು ಹಿಡಿದೆ,
ಇಳಿಯುವವರೊಡನೆ ಇಳಿದು, ಏರುವವರೊಡನೆ ಏರಿ,
ಒಂದು ಇಡೀ ಚಳಿಗಾಲ.
ಏದುಸಿರು ಬಿಡುವಾಗ ಯಾರೂ ಸುಳ್ಳು ಹೇಳುವುದಿಲ್ಲ,
ಅಷ್ಟು ಗಾಳಿ ಎಲ್ಲಿದೆ?

ಡೋರೀನ್ ಪ್ಲ್ಯಾಟ್ಸ್, ಎಂಬತ್ತೊಂದು,
ನೂರಾಮೂರನೇ ಮೆಟ್ಟಿಲಲ್ಲಿ ಕಂಬಿ ಹಿಡಿದು ನಿಂತು
ಹಾಲಿನ ಚೀಲದ ಕೈ ಬದಲಿಸಿ ಅಂದಳು:
ಇಲ್ಲೊಂದು ಕೂರೋಕೆ ಏನಾದರೂ ಇದ್ದಿದ್ದರೆ, ಕಣಮ್ಮಾ.
ಅಷ್ಟೇ.

ಬರೆದೆ ಬೆಂಚಿಗೆ ಅರ್ಜಿ.
ಉದ್ಯಾನದವರೆಂದರು, ಅದು ಉದ್ಯಾನವಲ್ಲ.
ರಸ್ತೆಯವರೆಂದರು, ಮೆಟ್ಟಿಲು ರಸ್ತೆಯಲ್ಲ.
ವಸತಿಯವರು ಒಂದೇ ಮಾತು: ವಿಮೆ.
ಜಾರಿ ಬಿದ್ದರೆ ಯಾರು ಹೊಣೆ,
ರಾತ್ರಿ ಹುಡುಗರು ಕೂತು ಕುಡಿದರೆ ಯಾರು ಹೊಣೆ?
ನನ್ನ ಫಾರಮ್ಮಿನಲ್ಲಿ ಒಂಟಿತನಕ್ಕೆ ಚೌಕವಿತ್ತು,
ಮೊಣಕಾಲಿಗೆ ಇರಲಿಲ್ಲ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ
ಅದೇ ಮೆಟ್ಟಿಲ ಪಕ್ಕದ ಹುಲ್ಲಲ್ಲಿ
ಅಡುಗೆಮನೆಯ ಕುರ್ಚಿ,
ಸೈಕಲ್ ಸರಪಳಿಯಲ್ಲಿ ಕಂಬಿಗೆ ಬಿಗಿದು.
ತಂದವನು ಮುಸ್ಲಿಹ್ ಸಾಲೇಹ್, ಯೆಮನಿನಿಂದ ಬಂದು
ಮೂವತ್ತು ವರ್ಷ ಉಕ್ಕಿನ ಕುಲುಮೆಗೆ ಮುಖ ಕೊಟ್ಟವನು.
ಮನೆಯಲ್ಲಿ ಎರಡಿದ್ದವು, ಅಂದ.
ಎರಡನೆಯದು ಯಾರದೆಂದು
ನಾನು ಕೇಳಲಿಲ್ಲ.

ಕೌನ್ಸಿಲ್ಲಿನ ವ್ಯಾನು ಬಂದು ಒಯ್ದಿತು.
ಸಂಜೆಗೆ ಎರಡು ಕುರ್ಚಿ ಬಂದವು.
ಅವನ್ನೂ ಒಯ್ದರು. ಐದು ಬಂದವು,
ಒಂದಕ್ಕೆ ಹೂವಿನ ದಿಂಬು ಬೇರೆ.
ಹುಡುಗರು ಕೂತು ಕುಡಿದದ್ದೂ ನಿಜ,
ಒಂದರ ಕಾಲು ಮುರಿದದ್ದೂ ನಿಜ.
ಸ್ಲೊವಾಕಿಯಾದ ಝ್ಲಾತಿಕಾ ಹೋಟೆಲಿನ ರಾತ್ರಿಪಾಳಿ ಮುಗಿಸಿ
ನೇರ ಆ ಮನೆಯ ಬಾಗಿಲು ಬಡಿದು
ಮೊಳೆ ಸುತ್ತಿಗೆ ಕೈಗಿತ್ತು ನಿಂತಳು.
ಈಗಲೂ ಆ ಕುರ್ಚಿ ಸ್ವಲ್ಪ ಕುಂಟುತ್ತದೆ.

ಏಪ್ರಿಲಿನಲ್ಲಿ ಸಭೆ ಕರೆದದ್ದು ಅವರು,
ನನಗೆ ತಿಳಿದದ್ದು ಕೊನೆಗೆ.
ತಮ್ಮ ತಮ್ಮ ಕುರ್ಚಿ ಹೊತ್ತು ತಂದಿದ್ದರು, ಇಪ್ಪತ್ತಾರು ಜನ.
ನಮ್ಮ ಕಡೆ ಕುರ್ಚಿಗಾಗಿ ಜಗಳವೆಂದರೆ ಬೇರೆ;
ಇಲ್ಲಿ ಜಗಳವಾದದ್ದು ನಿಜಕ್ಕೂ ಕುರ್ಚಿಗೆ,
ಎಷ್ಟು, ಯಾವ ಬದಿಗೆ, ಮಳೆ ಬಂದರೆ ಮುಚ್ಚುವವರು ಯಾರು,
ಕೆಳಗಿನ ಸಾಲಿನ ಮನೆಗಳಿಗೂ ಬಸ್ಸು ಬೇಡವೇ.
ಬಸ್ಸಿನ ಮಾತು ಬಂದದ್ದು ಹಾಗೆ,
ಕೂತ ಮೇಲೆ.

ನನಗೆ ನೆನಪಾದದ್ದು ಸೋದರತ್ತೆಯೂರಿನ ಹೊರೆಗಲ್ಲು,
ದಾರಿಬದಿ ನೆಟ್ಟ ತಲೆಯೆತ್ತರದ ಕಲ್ಲು:
ಬಾಗದೆ ಹೊರೆ ಇಳಿಸಿ, ಬಾಗದೆ ಮತ್ತೆ ಹೊರಬಹುದು.
ಯಾರು ನೆಟ್ಟರೆಂದು ಅದರ ಮೇಲೆ ಬರೆದಿರಲಿಲ್ಲ.

ವರದಿಯ ಕೊನೇ ಪುಟ ಕೇಳುತ್ತದೆ: ನಿಮ್ಮ ಕೊಡುಗೆ?
ಯೋಜನೆ ಶುಕ್ರವಾರ ಮುಗಿಯಿತು.
ಸರಪಳಿಯ ಬೀಗದ ಕೈ ಒಂದು ನನ್ನ ಬಳಿ ಉಳಿದಿತ್ತು,
ಹಿಂದಿರುಗಿಸಲು ಹತ್ತಿ ಹೋದೆ.
ಯಾರಿಗೆ ಕೊಡಲಿ, ಅಂದೆ ಡೋರೀನಳಿಗೆ.
ಉಸಿರು ಬಿಡುತ್ತಿದ್ದೀಯಲ್ಲ, ಅಂದಳು,
ಮೊದಲು ಕೂತ್ಕೋ.