ಒಂದು ಸ್ಟಾಪು ಮುಂದೆ

ಟಿಕೆಟ್ಟಿಗೆ ದುಡ್ಡಿಲ್ಲ ಈಗ, ಆದರೂ
ಎಲ್ಲಿಗೆ ಅಂತ ಬಾಯಿಬಿಟ್ಟು ಹೇಳಬೇಕು.
ಹೇಳುತ್ತಿದ್ದೆ: ವಿಲ್ಸನ್ ಗಾರ್ಡನ್.
ಡೈರಿ ಸರ್ಕಲ್ ದಾಟಿ ಆ ಉದ್ದ ಕಾಂಪೌಂಡು
ಕಿಟಕಿಯಲ್ಲಿ ಸರಿಯುವಾಗ
ಫೋನು ನೋಡುತ್ತಿದ್ದೆ, ನನಗೂ ಅದಕ್ಕೂ
ಏನೇನೂ ಸಂಬಂಧವಿಲ್ಲದವಳ ಹಾಗೆ.
ಮುಂದಿನ ಸ್ಟಾಪಿನಲ್ಲಿ ಇಳಿದು
ವೇಲು ತಲೆಗೆ ಹೊದ್ದು
ಹಿಂದಕ್ಕೆ ನಡೆಯುತ್ತಿದ್ದೆ.
ಹನ್ನೊಂದು ತಿಂಗಳು.

ಬೊಮ್ಮನಹಳ್ಳಿ ಗಾರ್ಮೆಂಟ್ಸಿನಲ್ಲಿ ಕಾಲರ್ ಕೂರಿಸುವವಳು ನಾನು.
ರಜಾ ಚೀಟಿಯಲ್ಲಿ ಒಂದು ತಿಂಗಳು ಹಲ್ಲುನೋವು,
ಒಂದು ತಿಂಗಳು ಕಣ್ಣು, ಆಮೇಲೆ ಮಂಡಿ, ಹೊಟ್ಟೆ.
ಮೈಯ ಒಂದೊಂದು ಭಾಗವೂ
ಪಾಳಿಯ ಮೇಲೆ ಸುಳ್ಳುಸಾಕ್ಷಿ ನುಡಿಯಿತು
ನಿಜಕ್ಕೂ ನೋಯುತ್ತಿದ್ದ ಒಂದರ ಪರವಾಗಿ.

ಪಕ್ಕದ ಮಿಷಿನ್ನಿನ ಜಯಶೀಲ, ಯಾರಾದರೂ
ಬಾಬಿನ್ ತಪ್ಪಾಗಿ ಹಾಕಿದರೆ ಸಾಕು,
"ಹುಚ್ಚಾಸ್ಪತ್ರೆಗೆ ಸೇರಿಸ್ರೇ ಇವಳನ್ನ!"
ಎಲ್ಲರೂ ನಗುವರು. ನಾನೂ ನಗುವೆ,
ಎಲ್ಲರಿಗಿಂತ ಒಂದು ಹೊಲಿಗೆ ಹೆಚ್ಚಾಗಿ.

ಮನೆಯಲ್ಲಿ ಗೊತ್ತಿದ್ದದ್ದು ಗಂಡನಿಗೊಬ್ಬನಿಗೆ.
ಅವನು ಹೇಳಿದ್ದು ಇಷ್ಟೇ:
ಮಾತ್ರೆ ಡಬ್ಬಿ ದೇವರ ಫೋಟೋ ಹಿಂದಿಡು.

ಡಾಕ್ಟರಮ್ಮ ಮೊದಲ ದಿನ ಕೇಳಿದ್ದು, ನಿದ್ದೆ ಹೇಗಿದೆ?
ಆರು ವರ್ಷದಲ್ಲಿ ಅದನ್ನ ಯಾರೂ ಕೇಳಿರಲಿಲ್ಲ.
ಉತ್ತರ ಗೊತ್ತಿರಲಿಲ್ಲ ನನಗೆ. ಅತ್ತೆ.

ಮೊನ್ನೆ ಕಂಡಕ್ಟರು, ಬಾಗಲಕೋಟೆ ಕಡೆಯವನು,
ಟಿಕೆಟ್ ಕೊಡದೆ ನಿಂತ.
"ವಿಲ್ಸನ್ ಗಾರ್ಡನ್ ಯಾಕ್ರೀ ಅಕ್ಕಾರ?
ಇಲ್ಲೇ ಇಳೀರಿ. ಬಿಸಲಾಗ ಹಿಂದಕ್ಕ ಯಾಕ ನಡೀತೀರಿ?
ನಮ್ಮಣ್ಣನ್ನೂ ಇಲ್ಲೇ ತೋರಸ್ತೀವಿ,
ಲಗೂನ ಪಾಳಿ ಹಿಡೀಬೇಕ್ ನೋಡ್ರಿ."
ಪಿಸುಮಾತಲ್ಲ. ಜೋರೂ ಅಲ್ಲ.
ಮೆಂತ್ಯದ ಕಟ್ಟು ಎಷ್ಟು ಅಂತ ಕೇಳುವ ದನಿ.
ಹಿಂದಿನ ಸೀಟಿನ ಹುಡುಗ ತಲೆ ಎತ್ತಲಿಲ್ಲ.
ಮುಂದಿನ ಸೀಟಿನ ಅಜ್ಜಿ ಎತ್ತಿದಳು,
ತರಕಾರಿ ಚೀಲ ಸರಿಸಿ ದಾರಿ ಬಿಟ್ಟಳು.

ಈ ತಿಂಗಳ ಚೀಟಿಯಲ್ಲಿ ಬರೆದೆ: ನಿಮ್ಹಾನ್ಸ್.
ಮಕಾರಕ್ಕೆ ಹಕಾರದ ಒತ್ತು ಸರಿಯಾಗಿದೆಯೇ ಎಂದು
ಎರಡು ಸಲ ನೋಡಿದೆ.
ಲೈನ್ ಮೇಡಂ ವಾರಿಜಾಕ್ಷಿ ಓದಿ,
ಮಡಚಿ, ಮತ್ತೆ ಬಿಚ್ಚಿ, ಸಹಿ ಹಾಕಿದರು.
ಏನೂ ಅನ್ನಲಿಲ್ಲ.
ಜಯಶೀಲ ಅಂದಳು. ಇನ್ನೂ ಅನ್ನುತ್ತಲೇ ಇದ್ದಾಳೆ.

ಊಟದ ಬೆಲ್ಲಾದ ಮೇಲೆ, ಕೈತೊಳೆವ ನಲ್ಲಿಯ ಹತ್ತಿರ,
ಮೇಡಂ ನೀರು ಬಿಟ್ಟುಕೊಂಡೇ ಕೇಳಿದರು,
"ಅಲ್ಲಿಗೆ ಯಾವ ಬಸ್ಸು?"

ಮುನ್ನೂರೈವತ್ತಾರು, ಅಂದೆ.
ಡೈರಿ ಸರ್ಕಲ್ ಆದಮೇಲೆ ಇಳೀರಿ.
ಮುಂದಿನ ಸ್ಟಾಪಿಗೆ ಟಿಕೆಟ್ ತಗೋಬೇಡಿ ಮೇಡಂ,
ನಡೆದೂ ನಡೆದೂ ಸಾಕಾಗತ್ತೆ.